ಸವಳು ಹೊಲದ ಕಡಲ ಗಿಡ

ತುರ್ವಿಹಾಳದ ಆದೆಮ್ಮನಿಗೆ ಹಾಡಹಗಲೇ, ಎಚ್ಚರ ಇದ್ದಾಗಲೇ ಕನಸು ಬೀಳುತ್ತಿದ್ದವು. ಅವಳ ಓಣಿಗೆಲ್ಲ ಇದು ಗೊತ್ತು. ರೊಟ್ಟಿ ಬಡಿಯುತ್ತಿದ್ದ ಕೈ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಾಗ ಗಂಡ ವೆಂಕೋಬ ಹೊರಗಿನ ಕಟ್ಟೆಯಿಂದಲೇ ಕೇಳುತ್ತಿದ್ದ.

"ಎಲ್ಲಿಗೆ ಹೋಗಿದ್ದಿಲೇ?"

"ಎಲ್ಲಿಗೂ ಇಲ್ಲ. ಹಂಗ ನೀರಿನ ಕಡೆ ಹೋಗಿದ್ದೆ."

"ಏನ್ ಕಂಡಿ?"

"ನೀರು. ಆಚಿ ದಂಡಿ ಕಾಣಲಿಲ್ಲ."

ವೆಂಕೋಬ ಬೈಯುತ್ತಿರಲಿಲ್ಲ. ಸೀದ ರೊಟ್ಟಿಯನ್ನು ತಾನೇ ಎತ್ತಿಕೊಂಡು, ಕರಿದಾದ ಭಾಗ ಮುರಿದು ಕೋಳಿಗೆ ಹಾಕಿ, ಉಳಿದದ್ದನ್ನು ಖಾರದ ಜೊತೆ ತಿನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ನಡೆದವನು ಅವನು. ಕಾಲುವೆಯ ದಂಡೆಗುಂಟ ಅಡ್ಡಾಡುವುದು, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಕಸ ಸಿಕ್ಕಿದೆ ಎಂದು ನೋಡುವುದು, ತೂಬು ಏರಿಸಿ ಇಳಿಸುವುದು ಅವನ ಕೆಲಸ. ದಿನವಿಡೀ ನೀರಿನ ಜೊತೆಗಿದ್ದವನಿಗೆ ಹೆಂಡತಿಯ ಈ ಹುಚ್ಚು ಹುಚ್ಚೆನಿಸಿರಲಿಲ್ಲ.

ಆದೆಮ್ಮ ಹುಟ್ಟಿದ್ದು ಮುದಗಲ್ ಕಡೆಯ ಒಂದು ಕಲ್ಲುನೆಲದ ಹಳ್ಳಿಯಲ್ಲಿ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ತಟ್ಟೆಯಷ್ಟು ಬೆಳಕು. ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಲಿಂಗಸೂಗೂರಿನಿಂದ ಬಸ್ಸು ಹತ್ತಿ ಈ ಕಡೆ ಬಂದಾಗ, ಮಸ್ಕಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ಕಿಟಕಿಯಾಚೆ ಕಾಲುವೆ ಕಂಡಿತು. ಅವಳು ಕೂತಲ್ಲಿಂದ ಎದ್ದು ನಿಂತಳು. ಆಕಾಶವೇ ಒಂದು ಪಟ್ಟಿಯಾಗಿ ನೆಲದ ಮೇಲೆ ಬಿದ್ದು ಬಸ್ಸಿನ ಜೊತೆ ಓಡಿ ಬರುತ್ತಿತ್ತು. ಹೊಸ ಮದುವೆಯ ಹೆಣ್ಣು ಹಾಗೆ ನಿಂತದ್ದನ್ನು ಕಂಡು ಬೀಗರೆಲ್ಲ ನಕ್ಕರು. ವೆಂಕೋಬ ನಗಲಿಲ್ಲ. ಪಕ್ಕಕ್ಕೆ ಸರಿದು, ಕಿಟಕಿಯ ಜಾಗ ಅವಳಿಗೆ ಬಿಟ್ಟ.

ಆಮೇಲೆ ಅವಳ ಬದುಕೆಲ್ಲ ನೀರಿನಲ್ಲೇ ನಡೆಯಿತು. ವರ್ಷಕ್ಕೆ ಎರಡು ಸಲ ಭತ್ತದ ನಾಟಿ. ಹನ್ನೆರಡು ಹೆಣ್ಣುಮಕ್ಕಳ ಗುಂಪು, ಅದಕ್ಕೆ ಆದೆಮ್ಮನೇ ಮುಂದಾಳು. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ, ಸಸಿ ಹಚ್ಚುತ್ತ ಹಚ್ಚುತ್ತ ಹಿಂದಕ್ಕೆ ಹೆಜ್ಜೆ ಇಡುವ ಕೆಲಸ. ಮುಂದೆ ಹಸಿರು ಬೆಳೆಯುತ್ತ ಹೋಗುತ್ತದೆ, ಕಾಲ ಕೆಳಗೆ ಮೋಡ ತೇಲುತ್ತದೆ. ಆದೆಮ್ಮನಿಗೆ ಕನಸು ಹೆಚ್ಚು ಬೀಳುತ್ತಿದ್ದದ್ದೂ ಅಲ್ಲೇ. ಅವಳ ಬೆರಳು ತಪ್ಪದೆ ಸಾಲು ಹಿಡಿದು ನಡೆದಿರುತ್ತಿತ್ತು, ಆದರೆ ಕರೆದರೆ ಓಗೊಡುತ್ತಿರಲಿಲ್ಲ. ಪಕ್ಕದ ಸಾಲಿನ ಪೀರ್‌ಬೀ ಅಂಗೈಯಲ್ಲಿ ನೀರು ತುಂಬಿ ಅವಳ ಮುಖಕ್ಕೆ ಎರಚುತ್ತಿದ್ದಳು.

"ಯಕ್ಕಾ, ವಾಪಸ್ ಬಾ ಬೇ! ಬದು ಬಂತು, ಬೀಳ್ತಿ!"

ಪೀರ್‌ಬೀಗೂ ಆದೆಮ್ಮನಿಗೂ ಮೂವತ್ತು ವರ್ಷದ ಗೆಳೆತನ. ಒಬ್ಬಳದು ಎಲ್ಲದಕ್ಕೂ ಬಾಯಿ, ಇನ್ನೊಬ್ಬಳದು ಎಲ್ಲದಕ್ಕೂ ಮೌನ. ಒಂದೇ ಡಬ್ಬಿಯಲ್ಲಿ ಬುತ್ತಿ ಉಣ್ಣುವವರು.

ಭೂಮಿ ಇಲ್ಲದವರಿಗೆಂದು ಸರ್ಕಾರ ಕೊಟ್ಟ ಇಪ್ಪತ್ತು ಗುಂಟೆ ಹೊಲ ಆದೆಮ್ಮನ ಹೆಸರಿನಲ್ಲಿತ್ತು. ಮೊದಲ ಕೆಲವು ವರ್ಷ ಅಲ್ಲಿ ಭತ್ತ ಬಂತು. ಮೇಲಿನ ಹೊಲಗಳಿಂದ ಬಸಿದು ಬಂದ ನೀರು ಅಲ್ಲೇ ನಿಂತೂ ನಿಂತೂ ನೆಲದೊಳಗಿನ ಉಪ್ಪು ಮೇಲಕ್ಕೆ ಬಂತು. ಮೊದಲು ಒಂದು ಮೂಲೆ ಬೆಳ್ಳಗಾಯಿತು, ಆಮೇಲೆ ಬದುವಿನಿಂದ ಬದುವಿಗೆ ಹರಡಿತು. ಸವಳು ಎಂದು ಊರವರು ಕರೆಯುವ ಆ ಬಿಳುಪು ಬೇಸಿಗೆಯಲ್ಲಿ ಹಪ್ಪಳದಂತೆ ಎದ್ದು ಕಾಲಿಟ್ಟಲ್ಲಿ ಪುಡಿಯಾಗುತ್ತಿತ್ತು. ಗರಿಕೆ ಕೂಡ ಅಲ್ಲಿ ಬದುಕಲಿಲ್ಲ. ಇಬ್ಬರ ದುಡಿತದಲ್ಲಿ ಮನೆ ನಡೆಯುತ್ತಿತ್ತು. ಒಬ್ಬಳೇ ಮಗಳು ರೇಣುಕಾದೇವಿ ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ ಮಾಡುವವನನ್ನು ಮದುವೆಯಾಗಿ ಕಂಪನಿ ಮನೆಯಲ್ಲಿ ಸುಖವಾಗಿದ್ದಳು. ಹಾಗಾಗಿ ಹೊಲ ಕೈಬಿಟ್ಟಿತೆಂದು ಅವರು ಎದೆ ಬಡಿದುಕೊಳ್ಳಲಿಲ್ಲ.

ಆದರೆ ಆದೆಮ್ಮ ಅದನ್ನು ಬಿಡಲೂ ಇಲ್ಲ. ಸಂಜೆ ಹೊಲಕ್ಕೆ ಹೋಗಿ ಬದುವಿನ ಮೇಲೆ ಕೂರುತ್ತಿದ್ದಳು. ಸುತ್ತ ನಾಲ್ಕೂ ಕಡೆ ಎಳೆಹಸಿರು ಭತ್ತ, ನಡುವೆ ಇದೊಂದು ಬಿಳಿ ತುಂಡು. ಇಳಿಬಿಸಿಲು ಬಿದ್ದಾಗ ಅದು ಹೊಲದಂತೆ ಕಾಣುತ್ತಿರಲಿಲ್ಲ. ಗಾಳಿಯಿಲ್ಲದ ಹೊತ್ತಿನಲ್ಲಿ ನಿಂತ ಹಾಲಿನಂತೆ, ಕೆಲವೊಮ್ಮೆ ಮೋಡದ ಮೇಲಿನಿಂದ ಕೆಳಗೆ ನೋಡಿದಂತೆ ಕಾಣುತ್ತಿತ್ತು. ಅವಳು ಬೆರಳೊತ್ತಿ ನಾಲಗೆಗೆ ಇಟ್ಟುಕೊಳ್ಳುತ್ತಿದ್ದಳು. ಉಪ್ಪು, ಅದರ ಹಿಂದೆ ಒಂದು ಸಣ್ಣ ಕಹಿ.

ಹೀಗಿರುವಾಗ ಕೃಷಿ ಇಲಾಖೆಯ ನಂದಿನಿ ಬಂದಳು. ಮಸ್ಕಿಯವಳು, ಮೂವತ್ತು ದಾಟದ ಹುಡುಗಿ. ಅವರ ಮನೆಯಲ್ಲಿ ನೌಕರಿಗೆ ಸೇರಿದ ಎರಡನೆಯ ತಲೆಮಾರು. ತಂದೆ ಶಾಲೆಯ ಮಾಸ್ತರರಾಗಿದ್ದವರು, ಮನೆಯ ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಇವಳ ಪದವಿಯ ಫೋಟೊ ಹಾಕಿದ್ದರು. ಸ್ಕೂಟಿಯ ಮೇಲೆ ಊರೂರು ತಿರುಗಿ, ಪ್ಲಾಸ್ಟಿಕ್ ಚೀಲದಲ್ಲಿ ಮಣ್ಣು ತುಂಬಿ, ಮೇಲೆ ಹೆಸರು ಬರೆದು ಒಯ್ಯುತ್ತಿದ್ದಳು. ಆದೆಮ್ಮನ ಹೊಲದ ಮಣ್ಣನ್ನೂ ಒಯ್ದು ಹದಿನೈದು ದಿನದ ಮೇಲೆ ತಿರುಗಿ ಬಂದಳು.

"ಭಾಳ ಉಪ್ಪೈತ್ರಿ ಅಮ್ಮಾ. ಏನೂ ಬರೂದಿಲ್ಲ ಅಂತ ಹೇಳಾಕ ನನಗ ಮನಸ್ಸಿಲ್ಲ. ಉಪ್ಪಿನ ನೀರಿನಾಗ ಬೆಳಿಯೋ ಭತ್ತ ಕುಮಟಾ ಕಡೆ ಐತಿ, ಕಗ್ಗ ಅಂತಾರ. ದಸರಾ ಮುಗದ ಮ್ಯಾಲ ಸವಳು ಹೊಲದೋರನ್ನ ಅಲ್ಲಿಗೆ ಕರಕೊಂಡ್ ಹೊಂಟೀವಿ. ನೀವೂ ಬರ್ರಿ."

"ಕುಮಟಾ ಎಲ್ಲೈತ್ರಿ ಮೇಡಮ್ಮಾರ?"

"ಸಮುದ್ರದ ದಂಡಿಗೆ."

ಆದೆಮ್ಮ ಗಂಡನ ಮುಖ ನೋಡಿದಳು. ವೆಂಕೋಬ ಬೀಡಿ ಕೆಳಗೆ ಇಟ್ಟು, "ಪಟ್ಟಾ ನಿನ್ನ ಹೆಸರಿಲೆ ಐತಿ. ನೀ ಹೋಗಬೇಕು," ಎಂದ. ಬೀಡಿ ಮತ್ತೆ ಎತ್ತಿಕೊಳ್ಳುತ್ತ ಸೇರಿಸಿದ. "ಹೋಗಿ, ಆಚಿ ದಂಡಿ ಕಾಣ್ತೈತೇನ್ ನೋಡ್ಕೊಂಡ್ ಬಾ."

ಸಿಂಧನೂರಿನಿಂದ ಹೊರಟ ಬಸ್ಸಿನಲ್ಲಿ ಇಪ್ಪತ್ತೆರಡು ಮಂದಿ. ಹೆಂಗಸರು ನಾಲ್ವರು. ಘಟ್ಟ ಇಳಿಯುವಾಗ ಅರ್ಧ ಬಸ್ಸಿಗೆ ವಾಂತಿ. ಆದೆಮ್ಮ ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು. ಮಾರನೆಯ ದಿನ ಕಗ್ಗದ ಗದ್ದೆ ನೋಡಿದರು. ಎದೆಯೆತ್ತರದ ಪೈರು, ಬುಡದಲ್ಲಿ ಹೊಳೆಯ ಉಪ್ಪುನೀರು. ಗಂಡಸರು ಪ್ರಶ್ನೆ ಕೇಳಿದರು, ಬೀಜ ಕೇಳಿದರು. ಮೂರನೆಯ ದಿನ ಬೆಳಗ್ಗೆ ನಂದಿನಿ ಎಲ್ಲರನ್ನೂ ಕಡಲ ದಂಡೆಗೆ ಕರೆದೊಯ್ದಳು.

ಬಸ್ಸಿನವರೆಲ್ಲ ಕೂಗಿಕೊಂಡು ನೀರಿಗೆ ಓಡಿದರು. ಪಂಚೆ ಎತ್ತಿ ಕಟ್ಟಿದ ಮುದುಕರು ಅಲೆಯ ಮುಂದೆ ಮಕ್ಕಳಂತೆ ಕುಣಿದರು. ಆದೆಮ್ಮ ಉಸುಕಿನ ಮೇಲೆ ಹತ್ತು ಹೆಜ್ಜೆ ಇಟ್ಟಳು, ತಲೆಯೆತ್ತಿ ಒಮ್ಮೆ ನೋಡಿದಳು, ಹಾಗೇ ತಿರುಗಿ ಬೆನ್ನು ಮಾಡಿ ಕೂತುಬಿಟ್ಟಳು.

ನಂದಿನಿ ಗಾಬರಿಯಾಗಿ ಬಂದಳು. "ಯಾಕ್ರಿ ಅಮ್ಮಾ, ಆರಾಮ ಇಲ್ಲೇನ್ರಿ?"

"ಅಂಜಿಕಿ ಆತ್ರಿ."

ಎಷ್ಟೋ ವರ್ಷ ಅವಳ ಕನಸಿನಲ್ಲಿ ಇದ್ದದ್ದು ಇದೇ ನೀರು. ಆದರೆ ಅದು ಸುಮ್ಮನೆ ಮಲಗಿರುತ್ತಿತ್ತು. ಇದು ಉಸಿರಾಡುತ್ತಿತ್ತು. ಆಚೆ ದಂಡೆ ಇಲ್ಲದ್ದು ನಿಜ, ಆದರೆ ಹಾಗಿರುವುದು ಇಷ್ಟು ಭಾರವೆಂದು ಅವಳಿಗೆ ತಿಳಿದಿರಲಿಲ್ಲ. ಬೆನ್ನ ಹಿಂದಿನಿಂದ ಬರುವ ಸದ್ದು ಎದೆಯೊಳಗೆ ಹೊಕ್ಕು ಅಲ್ಲಿನ ಬಡಿತವನ್ನು ತನ್ನ ಲೆಕ್ಕಕ್ಕೆ ಎಳೆದುಕೊಳ್ಳುತ್ತಿತ್ತು.

ಎಲ್ಲರೂ ದೋಣಿಯಲ್ಲಿ ಹೊರಟಾಗ ನಂದಿನಿ ಅವಳ ಕೈ ಹಿಡಿದುಕೊಂಡೇ ಹತ್ತಿಸಿದಳು. ದಂಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ನಡುಗಡ್ಡೆ. ಕಲ್ಲು, ಉಸುಕು, ಒಂದಿಷ್ಟು ಹಸಿರು. ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ್ದರು. ದಾರಿಯುದ್ದಕ್ಕೂ ಆದೆಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಇಳಿದ ಮೇಲೆ ಕಣ್ಣು ತೆರೆದಾಗ ಎದುರಿಗೆ ಕಂಡದ್ದು ಕಡಲಲ್ಲ, ಒಂದು ಗಿಡ.

ಆಳೆತ್ತರದ, ಗುಂಪಾಗಿ ಹಬ್ಬಿದ ಗಿಡ. ಅಂಗೈ ಉದ್ದದ ದಪ್ಪ ಎಲೆ, ಎಣ್ಣೆ ಸವರಿದಂತೆ ಮಿರುಗುವ ಎಳೆಹಸಿರು. ಬುಡದಲ್ಲಿ ಮಣ್ಣೇ ಇಲ್ಲ, ಬರೀ ಬಿಳಿ ಉಸುಕು. ದೊಡ್ಡ ಅಲೆ ಕಲ್ಲಿಗೆ ಬಡಿದಾಗೊಮ್ಮೆ ತುಂತುರು ಎದ್ದು ಎಲೆಗಳ ಮೇಲೆಲ್ಲ ಬೀಳುತ್ತಿತ್ತು. ಗಿಡ ಒಮ್ಮೆ ಮೈ ಅಲುಗಿಸಿ ಮತ್ತೆ ಸುಮ್ಮನಾಗುತ್ತಿತ್ತು. ಎಲೆಗಳ ನಡುವೆ ಸಣ್ಣ ಬಿಳಿ ಹೂವು, ಎಸಳಿನೊಳಗೆ ತೆಳುವಾದ ನೇರಳೆ ಗೆರೆ. ಆದೆಮ್ಮ ಬಾಗಿ ನೋಡಿದಳು. ಹೂವು ಅರ್ಧವೇ ಇತ್ತು. ಐದೂ ಎಸಳು ಒಂದೇ ಕಡೆ, ಬೀಸಣಿಗೆಯಂತೆ. ಇನ್ನೊಂದು ಕಡೆ ಖಾಲಿ. ಯಾರೋ ಹರಿದಿದ್ದಾರೆಂದು ಇನ್ನೊಂದು ಹೂ ನೋಡಿದಳು. ಅದೂ ಅರ್ಧ. ಗಿಡದ ತುಂಬ ಅರ್ಧರ್ಧ ಹೂವು.

ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ಇಟ್ಟುಕೊಂಡಳು. ಉಪ್ಪು.

ದೋಣಿಯವನು ಹತ್ತಿರ ಬಂದ. ಬಿಸಿಲಿಗೆ ಕಂದಿದ, ನಗುಮುಖದ ಮನುಷ್ಯ. "ಎಂತ ನೋಡ್ತ್ರಿ ಅಮ್ಮ?"

"ಇದರ ಹೆಸರೇನಪ್ಪಾ?"

"ಹೆಸ್ರು ಎಂತದೋ, ನಮ್ಗೂ ಗೊತ್ತಿಲ್ಲ. ಕಡಲ ಬದಿಯ ಗಿಡ. ಇದ್ರ ಕಾಯಿ ನೀರಲ್ಲಿ ತೇಲ್ತಾ ಬತ್ತದೆ. ಎಲ್ಲಿಂದ ಬಂದದ್ದೋ, ಎಲ್ಲಿಗೆ ಹೋಪುದೋ."

"ಉಪ್ಪಿಗೆ ಸಾಯೂದಿಲ್ಲೇನು?"

"ಉಪ್ಪಲ್ಲೇ ಹುಟ್ಟಿದ್ದಲ್ಲ ಅದು!"

ಆದೆಮ್ಮ ನಾಲ್ಕು ಟೊಂಗೆ ಕೇಳಿದಳು. ಅವನು ಸೊಂಟದ ಚೂರಿ ತೆಗೆದು ಆರು ಕೊಯ್ದು ಕೊಟ್ಟ. ನಂದಿನಿ ಹೇಳಿ ನೋಡಿದಳು. "ಇಲ್ಲಿ ಉಸುಕೈತ್ರಿ, ನೀರು ನಿಲ್ಲೂದಿಲ್ಲ. ನಮ್ಮದು ಎರಿ ಮಣ್ಣು, ನೀರು ನಿಂತ್ರ ಬೇರು ಕೊಳೀತಾವು. ಹೊತ್ಕೊಂಡ್ ಹೋಗಿ ಮನಸ್ಸು ಮುರಕೋಬ್ಯಾಡ್ರಿ." ಆದೆಮ್ಮ ಹೂಂ ಎಂದಳು. ಟವೆಲ್ ಒದ್ದೆ ಮಾಡಿ ಟೊಂಗೆಗಳನ್ನು ಸುತ್ತಿ, ಊರು ಮುಟ್ಟುವವರೆಗೆ ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಳು. ಗಂಡಸರು ಕಗ್ಗದ ಬೀಜದ ಗಂಟು ಹಿಡಿದು ಬಂದರು. ಆಮೇಲೆ ಅದು ಕೆಲವರ ಹೊಲದಲ್ಲಿ ಬಂತು, ಕೆಲವರದರಲ್ಲಿ ಬರಲಿಲ್ಲ.

ಬಸ್ಸಿಳಿದಾಗ ವೆಂಕೋಬ ನಿಂತಿದ್ದ. "ಕಂಡ್ತೇನು ಆಚಿ ದಂಡಿ?" ಎಂದ.

"ನಾ ನೋಡಲಿಲ್ಲ. ಇದನ್ನ ನೋಡಿದೆ," ಎಂದು ಟವೆಲ್ ಬಿಚ್ಚಿದಳು.

ಬೇರೆ ಗಂಡಸಾಗಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ವೆಂಕೋಬ ಟೊಂಗೆಯ ತುದಿ ಚಿವುಟಿ ಮೂಸಿ ನೋಡಿದ. ನಂದಿನಿ ಹೇಳಿದ್ದನ್ನು ಕೇಳಿಸಿಕೊಂಡ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರಿ ಹೋಗುತ್ತದೆ ಎಂಬುದು ಅವನಷ್ಟು ತಿಳಿದವರು ಊರಲ್ಲಿ ಇರಲಿಲ್ಲ. ಹೊಲದ ಒಂದು ಮೂಲೆ ಆರಿಸಿ, ಸೈಕಲ್ಲಿನ ಎರಡೂ ಕಡೆ ಡಬ್ಬ ಕಟ್ಟಿ ಹಳ್ಳದ ಉಸುಕು ತಂದು ಸುರಿದ. ಎಂಟು ದಿನ ತಂದ. ಮೊಣಕಾಲೆತ್ತರದ ದಿಬ್ಬವಾಯಿತು. ಸುತ್ತ ಒಂದು ಕಾಲುದಾರಿಯಷ್ಟು ಅಗಲದ ಬಸಿಗಾಲುವೆ ತೋಡಿ, ನೀರು ಬಸಿದು ಹಳ್ಳಕ್ಕೆ ಹೋಗುವಂತೆ ಮಾಡಿದ. "ಇದು ನಿನ್ನ ನಡುಗಡ್ಡಿ," ಎಂದು ಹಾರೆ ಊರಿ ನಿಂತ.

ಆರು ಟೊಂಗೆಯಲ್ಲಿ ನಾಲ್ಕು ಮೊದಲ ವಾರವೇ ಒಣಗಿದವು. ಉಳಿದ ಎರಡರಲ್ಲಿ ಒಂದು ಚಿಗುರಿ, ಬೇಸಿಗೆಯವರೆಗೆ ಬದುಕಿ, ಕುರಿ ಬಾಯಿಗೆ ಹೋಯಿತು. ಇನ್ನೊಂದು ಉಳಿಯಿತು. ಆದೆಮ್ಮ ಜಾಲಿಮುಳ್ಳು ಕಡಿದು ತಂದು ಸುತ್ತ ಹಾಕಿದಳು. ಹಳ್ಳದಿಂದ ಕೊಡ ಹೊತ್ತು ನೀರೆರೆದಳು. ಸವಳು ಹೊಲಗಳಿಂದ ಬಸಿದು ಬಂದ ಉಪ್ಪುನೀರೇ ಅದು; ಬೇರೆ ಗಿಡವಾಗಿದ್ದರೆ ಸುಟ್ಟುಹೋಗುತ್ತಿತ್ತು. ಇದಕ್ಕೆ ವಾರಕ್ಕೊಂದು ಎಲೆ ಬಂತು.

ಪೀರ್‌ಬೀಗೆ ಇದು ನಗೆಯ ಮಾತಾಯಿತು. "ಹೂ ಇಲ್ಲ, ಹಣ್ಣಿಲ್ಲ, ಪಲ್ಲೆಕ್ಕೂ ಬರೂದಿಲ್ಲ. ಸಮುದ್ರಕ್ಕ ಹೋದೋರು ಮೀನಾರ ತರ್ತಾರ. ನಮ್ಮಕ್ಕ ಕಸ ತಂದಾಳ!"

"ಹೂ ಬಿಡ್ತೈತಿ. ಅರ್ಧ ಹೂ."

"ಅರ್ಧ ಹೂವಾ! ಯಾ ಅಲ್ಲಾ, ಉಳದರ್ಧ ಯಾರ ತಿಂದ್ರು?"

ಗಿಡ ಸೊಂಟದೆತ್ತರ ಬೆಳೆದಿತ್ತು, ಮೊಗ್ಗಿನ ಸುಳಿವಿರಲಿಲ್ಲ. ಎರಡನೆಯ ವರ್ಷದ ಮಾಗಿಯಲ್ಲಿ, ನಾಟಿ ಶುರುವಾಗುವ ಹೊತ್ತಿಗೆ, ವೆಂಕೋಬನಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ತೂಬಿನ ಹತ್ತಿರ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ಹುಡುಕಿ ಹೋದಾಗ ತೂಬಿನ ಗೋಡೆಗೆ ಒರಗಿ, ಕಾಲುವೆಗೆ ಮುಖ ಮಾಡಿ ಕೂತಿದ್ದ. ಬಾಯಿ ಒಂದು ಕಡೆ ಜಾರಿತ್ತು. ಬಲಗೈ ತನ್ನದಲ್ಲವೆಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಆದೆಮ್ಮ ಹೆಸರು ಹಿಡಿದು ಕರೆದಳು. ಅವನು ಎಡಗಣ್ಣಿನಿಂದ ಅವಳನ್ನು ನೋಡಿದ, ಏನೋ ಹೇಳಲು ಹೋದ. ಮಾತು ಬರಲಿಲ್ಲ, ಜೊಲ್ಲು ಬಂತು.

ಸಿಂಧನೂರಿನ ಆಸ್ಪತ್ರೆಯಲ್ಲಿ ಮೂರು ವಾರ. ಜೀವ ಉಳಿಯಿತು. ಮಗಳು ರೇಣುಕಾದೇವಿ ಹಟ್ಟಿಯಿಂದ ಓಡಿ ಬಂದವಳು, "ನಮ್ಮ ಮನಿಗೆ ನಡಿಬೇ ಯವ್ವಾ. ಅಲ್ಲಿ ನಾ ಅದೀನಿ, ನಿಮ್ಮ ಅಳಿಯ ಅದಾನ," ಎಂದು ಇಬ್ಬರನ್ನೂ ಕರೆದುಕೊಂಡು ಹೋದಳು.

ಹಟ್ಟಿಯಲ್ಲಿ ಎಲ್ಲ ಇತ್ತು. ನಲ್ಲಿಯಲ್ಲಿ ನೀರು, ತಲೆಯ ಮೇಲೆ ಫ್ಯಾನು, ಪಾಳಿ ಬದಲಾಗುವಾಗ ಕೂಗುವ ಸೈರನ್. ದಿನಕ್ಕೆರಡು ಸಲ ಆದೆಮ್ಮ ಗಂಡನ ಕೈಕಾಲಿಗೆ ಎಣ್ಣೆ ತಿಕ್ಕಿ, ಬೆರಳು ಬಿಡಿಸಿ ಮಡಚಿ, ಗೋಡೆ ಹಿಡಿಸಿ ನಿಲ್ಲಿಸುತ್ತಿದ್ದಳು. ಕನಸು ಬೀಳುವುದು ನಿಂತಿತ್ತು. ಸುಮ್ಮನೆ ಕೂತರೂ ಮನಸ್ಸು ಆ ಕೋಣೆ ಬಿಟ್ಟು ಹೋಗುತ್ತಿರಲಿಲ್ಲ. ವೆಂಕೋಬನಿಗೆ ಒಂದೊಂದೇ ಮಾತು ಬರತೊಡಗಿತು. ಹೂಂ. ಬ್ಯಾಡ. ಸಾಕು. ಒಂದು ದಿನ ಕಿಟಕಿಯಾಚೆ ಗಣಿಯ ಕಲ್ಲುಪುಡಿಯ ಗುಡ್ಡ ನೋಡುತ್ತಿದ್ದವನು ಎಡಗೈಯಿಂದ ಗಾಳಿಯಲ್ಲಿ ಒಂದು ಉದ್ದನೆಯ ಗೆರೆ ಎಳೆದ.

"ಏನ್ ಬೇಕು? ನೀರಾ?"

ಅಲ್ಲವೆಂದು ತಲೆಯಾಡಿಸಿದ. ಮತ್ತೆ ಅದೇ ಗೆರೆ. ಆದೆಮ್ಮನಿಗೆ ಅರ್ಥವಾಯಿತು. ಕಾಲುವೆ.

ಅವತ್ತು ಸಂಜೆ ಮಗಳಿಗೆ ಹೇಳಿದಳು. "ನಾವು ಊರಿಗೆ ಹೊಕ್ಕೀವಿ ಯವ್ವಾ. ನೀನೇನೂ ಕಡಿಮಿ ಮಾಡಿಲ್ಲ. ಆದರ ಇವನು ಇಲ್ಲಿ ಯಾವ ಕಡೆಗೆ ನಡೀಬೇಕು ಹೇಳು? ಅಲ್ಲಾದ್ರ ದಾರಿ ಗೊತ್ತೈತಿ." ರೇಣುಕಾ ಅತ್ತಳು, ಜಗಳವಾಡಿದಳು, ಕೊನೆಗೆ ತಾನೇ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ಹಟ್ಟಿಯಲ್ಲಿ ಎರಡೂವರೆ ತಿಂಗಳು ಕಳೆದ ಮೇಲೆ ತುರ್ವಿಹಾಳಕ್ಕೆ ಬಂದಾಗ ಬಿರುಬೇಸಿಗೆ. ಆದೆಮ್ಮ ಗಿಡದ ಆಸೆ ಬಿಟ್ಟಿದ್ದಳು. ನೀರಿಲ್ಲದೆ ಇಷ್ಟು ದಿನ ಯಾವ ಗಿಡ ನಿಂತೀತು? ಅದರ ಹೆಸರೂ ಎತ್ತಲಿಲ್ಲ. ಗಂಡನನ್ನು ಹೊರಸಿನ ಮೇಲೆ ಕೂರಿಸಿ ಒಲೆ ಹಚ್ಚುತ್ತಿದ್ದಾಗ ಪೀರ್‌ಬೀ ಬಾಗಿಲಿಗೆ ಬಂದಳು. ವೆಂಕೋಬನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಣ್ಣಾ, ಎದ್ದೇಳು. ಹೊಲಕ್ಕ ಹೋಗೂಣು," ಎಂದಳು.

"ಹುಚ್ಚು ಹಿಡಿದೈತೇನ್ ನಿನಗ? ಅಷ್ಟು ದೂರ ಹೆಂಗ ನಡೀತಾನ?"

"ಆಟೋ ತಂದೀನಿ."

ಬದುವಿನ ತುದಿಯವರೆಗೆ ಆಟೋ. ಅಲ್ಲಿಂದ ಇಬ್ಬರೂ ಅವನ ಎರಡು ರಟ್ಟೆ ಹಿಡಿದು, ಹೆಜ್ಜೆಗೊಮ್ಮೆ ನಿಂತು ನಡೆಸಿದರು. ಸುಗ್ಗಿ ಮುಗಿದು ಸುತ್ತಲ ಹೊಲವೆಲ್ಲ ಕಂದು ಬಣ್ಣದ ಕೂಳೆ. ಆದೆಮ್ಮನ ಹೊಲ ಎಂದಿನಂತೆ ಬೆಳ್ಳಗೆ, ಕಣ್ಣು ಕುಕ್ಕುವಂತೆ ಬಿಸಿಲು ಹೊಡೆಯುತ್ತಿತ್ತು. ಝಳಕ್ಕೆ ನೆಲ ಅಲುಗಿದಂತೆ, ನೀರು ನಿಂತಂತೆ ಕಾಣುತ್ತಿತ್ತು. ಆ ನೀರಲ್ಲದ ನೀರಿನ ನಡುವೆ ಉಸುಕಿನ ದಿಬ್ಬ, ದಿಬ್ಬದ ತುಂಬ ಹಬ್ಬಿದ ಹಸಿರು ಗಿಡ. ಮೈಮೇಲೆ ಬಿಳಿ ಚುಕ್ಕಿ ಚುಕ್ಕಿ ಹೂವು. ಜೇನುನೊಣದ ಗುಂಯ್ ಸದ್ದು ಬದುವಿನವರೆಗೆ ಕೇಳುತ್ತಿತ್ತು.

ಆದೆಮ್ಮ ಪೀರ್‌ಬೀ ಕಡೆ ತಿರುಗಿದಳು.

"ಏನ್ ನೋಡ್ತಿ? ದಿನಾ ಎರಡು ಕೊಡ ಹಾಕೀನಿ," ಎಂದಳು ಪೀರ್‌ಬೀ, ಸಿಟ್ಟು ಬಂದವಳಂತೆ. "ಕಸಾನ ಖರೆ, ಆದ್ರ ನೀ ತಂದ ಕಸ ಅಲ್ಲೇನು. ನೀ ಇರಲಾರ್ದಾಗ ಅದು ಸತ್ರ ನಾ ಏನ್ ಹೇಳ್ಲಿ ನಿನಗ? ನೆಲ್ಲು ಹಚ್ಚಾಕ ಹೋದ್ರ ಪಕ್ಕದ ಸಾಲು ಖಾಲಿ. ಮಾತಾಡಾಕ ಮಂದಿ ಇಲ್ಲ. ಇದರ ಮುಂದ ಬಂದ್ ಕೂತು ಮಾತಾಡ್ತಿದ್ದೆ. ನಿನ್ನಂಗ ಇದೂ ಉತ್ತರ ಕೊಡೂದಿಲ್ಲ."

ಆದೆಮ್ಮ ಗೆಳತಿಯ ಕೈ ಹಿಡಿದು ನೋಡಿದಳು. ಕೊಡದ ಕಂಠ ಒತ್ತಿ ಒತ್ತಿ ಅಂಗೈಯಲ್ಲಿ ಗೆರೆ ಬಿದ್ದಿತ್ತು.

ವೆಂಕೋಬನನ್ನು ದಿಬ್ಬದ ಮೇಲೆ ಕೂರಿಸಿದರು. ಅವನು ಎಡಗೈ ಚಾಚಿ ಒಂದು ಹೂ ಕಿತ್ತ. ಕಣ್ಣ ಹತ್ತಿರ ತಂದು ತಿರುಗಿಸಿ ತಿರುಗಿಸಿ ನೋಡಿದ. ನಾಲಗೆ ಎಳೆಯುತ್ತ ಕೇಳಿದ.

"ಇನ್ನ... ಅರ್ಧ?"

"ಇಷ್ಟ ಅದು. ಹುಟ್ಟಿದ್ದ ಹಿಂಗ," ಎಂದಳು ಆದೆಮ್ಮ.

ವೆಂಕೋಬ ಹೂಂ ಎಂದು, ಹೂವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಅವನ ಮುಖದ ಒಂದು ಕಡೆ ನಕ್ಕಿತು. ಪೀರ್‌ಬೀ ಜೋರಾಗಿ ನಕ್ಕಳು. ಆದೆಮ್ಮ ಗಿಡದ ನೆರಳಿಗೆ ಸರಿದು ಕೂತು, ಮೊಣಕಾಲಿಗೆ ಹಣೆ ಹಚ್ಚಿ, ಮೂರು ತಿಂಗಳು ತಡೆದಿಟ್ಟಿದ್ದನ್ನೆಲ್ಲ ಅತ್ತು ಮುಗಿಸಿದಳು. ಅತ್ತ ಮೇಲೆ ಅಲ್ಲೇ, ಇಬ್ಬರ ನಡುವೆ ಕೂತಲ್ಲೇ ಕಣ್ಣು ಎಳೆಯಿತು. ಅಷ್ಟು ದಿನದ ಮೇಲೆ ನೀರು ಮತ್ತೆ ಬಂತು. ದೊಡ್ಡ ನೀರೇ, ಆದರೆ ಈ ಸಲ ಅಂಜಿಕೆ ಆಗಲಿಲ್ಲ. ಅದು ದಿಬ್ಬದ ಬುಡದವರೆಗೆ ಬಂದು, ಕಾಲ ಬೆರಳು ಮುಟ್ಟಿ, ಹಿಂದಕ್ಕೆ ಸರಿಯುತ್ತಿತ್ತು.

ಇದಾಗಿ ಮೂರು ವರ್ಷವಾಯಿತು. ವೆಂಕೋಬ ಈಗ ಕೋಲೂರಿ ತಾನೇ ನಡೆಯುತ್ತಾನೆ. ಬೆಳಗ್ಗೆ ಮನೆ ಬಿಟ್ಟರೆ ಕಾಲುವೆಯ ದಂಡೆಗುಂಟ ತೂಬಿನವರೆಗೆ ಹೋಗಿ, ಹೊಸ ಗ್ಯಾಂಗ್‌ಮನ್‌ಗೆ ಒಂದೆರಡು ಮಾತಿನಲ್ಲಿ ತಪ್ಪು ತೋರಿಸಿ, ಅಲ್ಲಿಂದ ಹೊಲಕ್ಕೆ ಬಂದು ದಿಬ್ಬದ ಮೇಲೆ ಕೂರುತ್ತಾನೆ. ದಿಬ್ಬ ಈಗ ಒಂದಲ್ಲ, ಒಂಬತ್ತು. ಆದೆಮ್ಮ ಟೊಂಗೆ ಮುರಿದು ಮುರಿದು ನೆಟ್ಟದ್ದು. ನಾಟಿಯ ಹೆಂಗಸರು ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅಲ್ಲೇ. ಸುತ್ತ ಎಲ್ಲೂ ಇಲ್ಲದ ನೆರಳು ಊರಿನ ಕೆಟ್ಟ ಹೊಲದಲ್ಲಿ ಸಿಗುತ್ತದೆ. ಆ ಹೂವನ್ನು ದೇವರಿಗೆ ಏರಿಸಲು ಮಾತ್ರ ಊರವರಿಗೆ ಇನ್ನೂ ಮನಸ್ಸಿಲ್ಲ, ಅರ್ಧವಾಯಿತಲ್ಲ ಎಂದು. ಆದೆಮ್ಮ ಮುಡಿಯುತ್ತಾಳೆ.

ನಂದಿನಿ ವರ್ಷಕ್ಕೊಮ್ಮೆ ಬಂದು ಮಣ್ಣು ಒಯ್ಯುತ್ತಾಳೆ. ಹೋದ ತಿಂಗಳು ಬಂದಾಗ ಮುಖ ಸಣ್ಣದು ಮಾಡಿಕೊಂಡಿದ್ದಳು. "ಉಪ್ಪು ಅಷ್ಟ ಐತ್ರಿ ಅಮ್ಮಾ. ಕಡಿಮಿ ಆಗಿಲ್ಲ."

"ಆಗದಿದ್ರ ಬಿಡ್ರಿ ಮೇಡಮ್ಮಾರ. ಉಪ್ಪು ಮೊದಲಿಂದ ಐತಿ. ನೀವು ಉಣ್ಣಾಕ ಕುಂದರ್ರಿ."

ಅವಳ ಜೊತೆ ಲಿಂಗಸೂಗೂರು ಕಡೆಯ ಒಬ್ಬ ರೈತ ಬಂದಿದ್ದ. ರಾಜೇಸಾಬ್ ಅಂತ, ಐವತ್ತರ ಮನುಷ್ಯ. ಅವನ ಹೊಲದ ಒಂದು ಮೂಲೆ ಬೆಳ್ಳಗಾಗಿ ನಾಲ್ಕು ವರ್ಷವಾಗಿತ್ತು. ಗಿಡದ ಸುತ್ತ ಎರಡು ಸಲ ತಿರುಗಿ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡ.

"ಇದರಿಂದ ಏನ್ ಫಾಯ್ದೆ ಐತ್ರಿ ಅಕ್ಕಾರ?"

ಸುಳ್ಳು ಹೇಳಲು ಆದೆಮ್ಮನಿಗೆ ಬರುತ್ತಿರಲಿಲ್ಲ.

"ಹಂಗೇನಿಲ್ಲಪ್ಪಾ. ಹಸರಾಗಿ ಇರ್ತೈತಿ."

ರಾಜೇಸಾಬ್ ಹೊಲದ ಬಿಳುಪನ್ನೂ ಗಿಡವನ್ನೂ ಮತ್ತೊಮ್ಮೆ ನೋಡಿದ. "ಹಂಗಾರ ನಾಕು ಟೊಂಗಿ ಕೊಡ್ರಿ," ಎಂದ.

ಅವಳು ಆರು ಮುರಿದು ಕೊಟ್ಟಳು. ಮೊದಲು ಉಸುಕಿನ ದಿಬ್ಬ ಮಾಡಬೇಕು, ನೀರು ಹರಿದುಹೋಗಲು ಸುತ್ತ ಬಸಿಗಾಲುವೆ ತೋಡಬೇಕು, ಕುರಿ ಬಾರದಂತೆ ಮುಳ್ಳು ಹಚ್ಚಬೇಕು ಎಂದು ಹೇಳಿಕೊಟ್ಟಳು. ಎಲ್ಲಿ ತೋಡಬೇಕೆಂದು ವೆಂಕೋಬ ಕೋಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ರಾಜೇಸಾಬ್ ಒದ್ದೆ ಗೋಣಿಯಲ್ಲಿ ಟೊಂಗೆ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಮಸ್ಕಿ ರಸ್ತೆ ಹಿಡಿದ. ಬದುವಿನ ತಿರುವಿನವರೆಗೂ ಗೋಣಿಯಿಂದ ಹೊರಬಂದ ಎಲೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಆದೆಮ್ಮ ಕೈ ತೊಳೆದು, ಸೀರೆ ಎತ್ತಿ ಕಟ್ಟಿ, ಪಕ್ಕದ ಮಡಿಯಲ್ಲಿ ಸಸಿ ಹಂಚುತ್ತಿದ್ದ ಪೀರ್‌ಬೀ ಕಡೆ ನಡೆದಳು.